ಒಂದು ಬಾಗಿಲಿಗೆ 3.78 ಕೋಟಿ ಏಟು

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ರೌಟರ್‌ಗೆ 6 ಮಿ.ಮೀ. ಬಿಟ್ ಸಿಕ್ಕಿಸಿ 18,000 ಆರ್‌ಪಿಎಂಗೆ ಇಟ್ಟರೆ ಅದು ಸೆಕೆಂಡಿಗೆ 300 ಸುತ್ತು ತಿರುಗುತ್ತದೆ. ಬಿಟ್‌ಗೆ ಅಲಗು ಎರಡು, ಹಾಗಾಗಿ ಸೆಕೆಂಡಿಗೆ 600 ಏಟು. ಫೀಡ್, ಅಂದರೆ ಬಿಟ್ ಮರದೊಳಗೆ ಮುಂದೆ ಸಾಗುವ ವೇಗ, ನಿಮಿಷಕ್ಕೆ 3,600 ಮಿ.ಮೀ. ಎಂದಿಟ್ಟುಕೊಳ್ಳಿ. ಅದನ್ನು ಒಂದು ನಿಮಿಷದ 36,000 ಏಟುಗಳಿಗೆ ಹಂಚಿದರೆ ಒಂದೊಂದು ಏಟಿನ ಪಾಲಿಗೆ ಬರುವುದು 0.1 ಮಿ.ಮೀ. ಮರ, ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಚಿಪ್ ಲೋಡ್ ಎನ್ನುವುದು ಇದಕ್ಕೇ.

ಈಗ ತೇಗದ ಬಾಗಿಲೊಂದಕ್ಕೆ ಬನ್ನಿ. 2,100 ಮಿ.ಮೀ. ಎತ್ತರ, 900 ಅಗಲ, ಮೈತುಂಬ ಬಳ್ಳಿ, ನವಿಲು. ಕೆತ್ತನೆ ನುಣುಪಾಗಬೇಕಾದರೆ ಕೊನೆಯ ಹಂತದಲ್ಲಿ ಅಷ್ಟೇ ದಪ್ಪದ, ತುದಿ ದುಂಡಗಿರುವ ಬಾಲ್‌ನೋಸ್ ಬಿಟ್ ಅರ್ಧರ್ಧ ಮಿ.ಮೀ. ಸರಿಯುತ್ತ ಸಾಲು ಹೊಡೆಯಬೇಕು. ಒಟ್ಟು 1,800 ಸಾಲು. ಕೆತ್ತನೆಯ ಏರಿಳಿತ ಬಿಟ್ಟು ಲೆಕ್ಕ ಹಾಕಿದರೂ 3.78 ಕಿ.ಮೀ. ದಾರಿ, ಹದಿನೇಳೂವರೆ ಗಂಟೆ, 3 ಕೋಟಿ 78 ಲಕ್ಷ ಏಟು. 2011ರ ಜನಗಣತಿಯಲ್ಲಿ ಇಡೀ ಕೇರಳದ ಜನಸಂಖ್ಯೆ 3.34 ಕೋಟಿ! ಅಷ್ಟು ಹೊತ್ತಿನಲ್ಲಿ ಬಿಟ್‌ನ ಹೊರ ಅಂಚು ಸುತ್ತಿ ಸುತ್ತಿ ಸವೆಸಿದ ದೂರ ಸುಮಾರು 356 ಕಿ.ಮೀ. ಬೆಂಗಳೂರಿನಿಂದ ಹೊರಟಿದ್ದರೆ ಮಂಗಳೂರು ಮುಟ್ಟಬಹುದಿತ್ತು. ತಮಾಷೆಯೆಂದರೆ ಅದೇ ಬಿಟ್‌ನ ತುದಿಯ ನಟ್ಟನಡುವೆ ವೇಗ ಸೊನ್ನೆ. ಆ ಜಾಗ ಕತ್ತರಿಸುವುದಿಲ್ಲ, ಉಜ್ಜುತ್ತದೆ.

ಉಜ್ಜಾಟವೇ ಈ ಕೆಲಸದ ಶತ್ರು. ತೇಗ ದುಬಾರಿ, ಹಾಳಾದರೆ ಗತಿಯೇನು ಎಂದು ಹೆದರಿ ಫೀಡನ್ನು 900ಕ್ಕೆ ಇಳಿಸುವವರಿದ್ದಾರೆ. ಆಗ ಏಟಿನ ಪಾಲು 0.025 ಮಿ.ಮೀ. ಎಷ್ಟೇ ಹರಿತವಾದ ಅಲಗಿನ ಅಂಚೂ ಸೂಕ್ಷ್ಮವಾಗಿ ದುಂಡಗೇ ಇರುತ್ತದೆ. ಅಷ್ಟು ತೆಳುವಾದ ಪದರವನ್ನು ಕಚ್ಚಲಾರದೆ ಮೇಲೆಮೇಲೇ ಸವರಿಕೊಂಡು ಹೋಗುತ್ತದೆ. ಬಿಸಿಯನ್ನು ಹೊತ್ತು ಹಾರಬೇಕಾದ ಚಕ್ಕೆ ಹುಟ್ಟುವುದೇ ಇಲ್ಲ. ಬಿಟ್ ಕಾಯುತ್ತದೆ, ಮರ ಕಪ್ಪಾಗುತ್ತದೆ. ತೇಗದಲ್ಲಿ ಸಿಲಿಕಾ ಬೇರೆ ಇದೆ, ಮೊದಲೇ ಅಲಗನ್ನು ಮೊಂಡಾಗಿಸುವ ಮರ ಅದು. ಇಷ್ಟೆಲ್ಲ ನಷ್ಟ ಮಾಡಿಕೊಂಡು ಅದೇ ಬಾಗಿಲಿಗೆ 70 ಗಂಟೆ, 15 ಕೋಟಿ ಏಟು! ನಿಧಾನವೇ ಪ್ರಧಾನ ಎಂಬ ಮಾತು ಇಲ್ಲಿ ನಡೆಯದು.

ಯಂತ್ರ ನಿಲ್ಲಿಸಿ, ಕೆಳಗೆ ಬಿದ್ದದ್ದನ್ನು ಬೆರಳಲ್ಲಿ ಹಿಡಿದು ನೋಡಿ. ಸಣ್ಣ ಚಕ್ಕೆ ಸಿಕ್ಕರೆ ಲೆಕ್ಕ ಸರಿಯಿದೆ. ಬರೀ ಧೂಳಾದರೆ ಫೀಡ್ ಏರಿಸಿ. ಯಂತ್ರ ಅಷ್ಟು ವೇಗ ತಾಳದಿದ್ದರೆ ಆರ್‌ಪಿಎಂ ಇಳಿಸಿ.