ಕೀಲುನೋವಿನ ಗುಳಿಗೆಗೆ ಅರಿಶಿನದ ಜೊತೆ

ಮುಂಜಾನೆ ಲಿಂಗಪೂಜೆಗೆ ಕುಳಿತ ಹಿರಿಯ ತಾಯಂದಿರು ಮಂಡಿ ಮಡಿಚಲಾರದೆ, ಬೆರಳು ಬಿಡಿಸಲಾರದೆ ಬವಣೆಪಡುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಇಷ್ಟಲಿಂಗವನ್ನು ಧರಿಸಬೇಕಾದ ಅಂಗೈಯೇ ಬಿಗಿದುಕೊಂಡರೆ ಅದು ಕೇವಲ ದೇಹದ ಕಷ್ಟವಾಗಿ ಉಳಿಯದು. ಇಂಥವರ ಮುಂದೆ ವೈದ್ಯರು ಕೊಟ್ಟ ಗುಳಿಗೆ ಒಂದು ಕಡೆ, ನೆರೆಹೊರೆಯವರು ಹೇಳಿದ ಅರಿಶಿನ ಇನ್ನೊಂದು ಕಡೆ. ಎರಡನ್ನೂ ಕೂಡಿಸಬಹುದೇ?

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಸತ್ವವು ಉತ್ಕರ್ಷಣ ನಿರೋಧಕವಾಗಿದೆ. ಕೀಲು ಊದಿಕೊಂಡಾಗ ಅಲ್ಲಿ ಹುಟ್ಟಿ ಜೀವಕೋಶಗಳನ್ನು ಘಾಸಿಗೊಳಿಸುವ ಕಣಗಳನ್ನು ಅದು ತಣಿಸುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಡೈಕ್ಲೊಫೆನಾಕ್‌ನಂತಹ ನೋವಿನ ಗುಳಿಗೆ ಬೇಗ ಶಮನ ಕೊಡುತ್ತದೆ, ನಿಜ. ಬಹುಕಾಲ ಸೇವಿಸಿದರೆ ಜಠರದಲ್ಲಿ ಹುಣ್ಣಾಗುವ, ಮೂತ್ರಪಿಂಡ ಕೆಡುವ ಭಯವೂ ಉಂಟು.

ನಮ್ಮ ದೇಶದಲ್ಲಿಯೇ ಮಂಡಿಸವೆತದ 140 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ 2020ರಲ್ಲಿ ಪ್ರಕಟವಾಯಿತು. ಕೆಲವರಿಗೆ ಡೈಕ್ಲೊಫೆನಾಕ್ ಮಾತ್ರ, ಉಳಿದವರಿಗೆ ಅದರೊಡನೆ ಅರಿಶಿನದ ಸತ್ವವನ್ನು 28 ದಿನ ಕೊಡಲಾಯಿತು. ಎರಡನ್ನೂ ಸೇವಿಸಿದವರಲ್ಲಿ ನೋವು ಹೆಚ್ಚು ತಗ್ಗಿತು. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಔಷಧಿ ಅವರಲ್ಲಿ ಶೇಕಡಾ 6 ಮಂದಿಗೆ ಬೇಕಾಯಿತು. ಬರಿಯ ಗುಳಿಗೆಯವರಲ್ಲಿ ಶೇಕಡಾ 28 ಮಂದಿಗೆ. ಆಶಾದಾಯಕವೇ ಸರಿ. ಆದರೆ ಯಾರಿಗೆ ಏನು ಕೊಡಲಾಗಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿದಿದ್ದ ಪರೀಕ್ಷೆಯಿದು, ಅವಧಿಯೂ ಒಂದು ತಿಂಗಳಿಗಿಂತ ಕಡಿಮೆ. ಆದುದರಿಂದ ಇದನ್ನೇ ಕೊನೆಯ ಮಾತೆಂದು ನಾವು ಒಪ್ಪಲಾರೆವು.

ಹಾಗಾದರೆ ಹಾಲಿಗೆ ಚಿಟಿಕೆ ಅರಿಶಿನ ಬೆರೆಸಿದರೆ ಸಾಲದೇ ಎಂದು ಕೇಳುವವರುಂಟು. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ 3ರಷ್ಟು, ಅದರಲ್ಲಿಯೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆಗೂಡಿದರೆ ಅದು ರಕ್ತಕ್ಕೆ ಸೇರುವ ಪ್ರಮಾಣ ಅನೇಕ ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತೋರಿಸಿಕೊಟ್ಟರು. ಅಂಗಡಿಯ ಅರಿಶಿನ ಗುಳಿಗೆಗಳಲ್ಲಿ ಮೆಣಸಿನ ಸತ್ವ ಸೇರಿರುವುದು ಈ ಕಾರಣದಿಂದಲೇ.

ಅಪಾಯವಿರುವುದೂ ಇಲ್ಲಿಯೇ. ಮೆಣಸಿನ ಸತ್ವವು ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಇಂತಹ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಸಂಗಗಳು ಅಮೆರಿಕದಲ್ಲಿ ದಾಖಲಾಗಿವೆ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಸೇವಿಸುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಆ ಔಷಧಿಯೂ ಯಕೃತ್ತಿಗೆ ಭಾರವೇ. ಹಾಗೆಂದು ಅದನ್ನು ಬಿಟ್ಟು ಅರಿಶಿನವೊಂದನ್ನೇ ನಂಬುವುದು ಇನ್ನೂ ಘೋರ. ಮಂಡಿಸವೆತದಂತೆ ಇದು ನಿಧಾನವಾಗಿ ಸವೆಯುವ ಕಾಯಿಲೆಯಲ್ಲ; ದೇಹದ ರಕ್ಷಣಾಶಕ್ತಿಯೇ ಕೀಲಿನ ಮೇಲೆ ತಿರುಗಿಬಿದ್ದು ಮೂಳೆಯನ್ನು ಕೊರೆಯುತ್ತದೆ. ಒಮ್ಮೆ ಸೊಟ್ಟಗಾದ ಬೆರಳು ಮದ್ದಿನಿಂದ ಮತ್ತೆ ನೆಟ್ಟಗಾಗದು.

ಅರಿಶಿನದ ಗುಳಿಗೆಯನ್ನು ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿರಿ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ ಅದನ್ನೂ ತಿಳಿಸಿರಿ. ಸಾರು, ಪಲ್ಯ, ಒಗ್ಗರಣೆಗಳ ಅರಿಶಿನಕ್ಕೆ ಈ ನಿರ್ಬಂಧ ಬೇಕಿಲ್ಲ.