ಕೂಲಂಟ್ ತುಂಬಿದೆ, ಆದ್ರೂ ಅಲಾರಂ ಯಾಕೆ ಹೊಡ್ಕೊಳ್ತಿದೆ?

ಇವತ್ತು ದೋಣಿಯ ಎಂಜಿನ್ ರೂಮಿಗೆ ಇಳಿಯೋಣ. ಸಮುದ್ರ ಒರಟಾಗಿದೆ, ‘ಕೂಲಂಟ್ ಕಡಿಮೆ’ ಅಂತ ಅಲಾರಂ ಕೂಗುತ್ತೆ. ಹೋಗಿ ನೋಡಿದರೆ ಟ್ಯಾಂಕ್ ತುಂಬಿದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ರಗಳೆ. ನಾಲ್ಕನೇ ಸಲಕ್ಕೆ ಯಾರೋ ಬೇಸತ್ತು ಸೆನ್ಸರ್‌ನ ವೈರನ್ನೇ ಕಿತ್ತುಬಿಡ್ತಾರೆ. ನಮ್ಮ ಚಿಂತೆ ಇರೋದು ಆ ಕಿತ್ತ ವೈರಿನ ಬಗ್ಗೆ.

ಇಂಥ ಎಂಜಿನ್‌ಗಳಲ್ಲಿ ಎರಡು ಥರದ ನೀರು. ಒಳಗೆ ಸುತ್ತೋದು ಕೂಲಂಟ್, ಅಂದ್ರೆ ಗ್ಲೈಕಾಲ್ ಬೆರೆಸಿದ ಸಿಹಿನೀರು. ಅದರ ಶಾಖವನ್ನು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸಮುದ್ರದ ನೀರು ಹೊತ್ತೊಯ್ಯುತ್ತೆ. ಕೂಲಂಟ್ ಮಟ್ಟ ನೋಡೋ ಸೆನ್ಸರ್ ಸಾಮಾನ್ಯವಾಗಿ ಮೇಲಿನ ಹೆಡರ್ ಟ್ಯಾಂಕಿನಲ್ಲಿರುತ್ತೆ. ಟೆಂಪರೇಚರ್ ಮೀಟರ್ ಇದೆಯಲ್ಲ, ಇದ್ಯಾಕೆ ಅಂತೀರಾ? ಕೂಲಂಟ್ ಸೋರಿಹೋಗಿ ಟೆಂಪರೇಚರ್ ಸೆನ್ಸರ್ ಗಾಳಿಯಲ್ಲಿ ನಿಂತರೆ, ಎಂಜಿನ್ ಬೇಯ್ತಿದ್ದರೂ ಮೀಟರ್ ತಣ್ಣಗೆ ಕೂತಿರಬಹುದು.

ಕೆಲವು ಸೆನ್ಸರ್‌ಗಳು ಮನೆ ಟ್ಯಾಂಕಿನ ಫ್ಲೋಟ್ ಸ್ವಿಚ್ ಥರ. ಇನ್ನು ಕೆಲವು ಬರೀ ಲೋಹದ ಕಡ್ಡಿ. ಕೂಲಂಟ್ ಮೂಲಕ ಚೂರು ಕರೆಂಟ್ ಹರಿದರೆ ‘ಇದೆ’, ಹರಿಯದಿದ್ದರೆ ‘ಇಲ್ಲ’. ದೋಣಿ ವಾಲಿ ಕೂಲಂಟ್ ಒಂದು ಪಕ್ಕಕ್ಕೆ ಸರಿದರೆ ಎರಡೂ ಮೋಸಹೋಗ್ತವೆ. ಕಡ್ಡಿಗೆ ಬೇರೆ ಕಷ್ಟಗಳೂ ಇವೆ: ಮೇಲೆ ಕಟ್ಟಿದ ಪೊರೆ, ಉಪ್ಪುಗಾಳಿಗೆ ಹಸಿರುಗಟ್ಟಿದ ಕನೆಕ್ಟರ್, ಸಡಿಲ ಅರ್ಥಿಂಗ್. ಕೂಲಂಟ್ ಬದಲು ಬರೀ ಡಿಸ್ಟಿಲ್ಡ್ ವಾಟರ್ ಸುರಿದರೂ ಅಷ್ಟೇ, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯೋದಿಲ್ಲ.

ಹಾಗಾಗಿ ಅಲಾರಂ ಯಾವಾಗ ಬರುತ್ತೆ ಅಂತ ಬರೆದಿಡಿ. ಒಂದೇ ಪಕ್ಕಕ್ಕೆ ವಾಲಿದಾಗ ಮಾತ್ರವಾ? ಹಾಗಿದ್ರೆ ಅದು ತುಳುಕಾಟ. ಕೆಳಗೆ ಸಣ್ಣ ತೂತಿರುವ ಕೊಳವೆಯೊಳಗೆ ಸೆನ್ಸರ್ ಇಟ್ಟರೆ ಅಲ್ಲಿನ ಮಟ್ಟ ಅಷ್ಟು ಬೇಗ ಕುಣಿಯೋದಿಲ್ಲ. ಜೊತೆಗೆ ಕೆಲವು ಸೆಕೆಂಡುಗಳ ವಿಳಂಬ: ಮಟ್ಟ ಇಳಿದು ಅಷ್ಟು ಹೊತ್ತು ಹಾಗೇ ಇದ್ದರೆ ಮಾತ್ರ ಅಲಾರಂ. ದೋಣಿ ಅಲುಗಾಡದೆ ನಿಂತಾಗಲೂ ಬರ್ತಿದ್ರೆ, ಟ್ಯಾಂಕ್ ತುಂಬಿದೆ ಅಂತ ಖಾತ್ರಿ ಮಾಡ್ಕೊಂಡು ಕನೆಕ್ಟರ್ ಬಿಚ್ಚಿ ನೋಡಿ.

ಆದರೆ ವಿಳಂಬ ಹೆಚ್ಚಿಸೋ ಮೊದಲು ವೈಕಿಂಗ್ ಸ್ಕೈ ನೆನಪಿರಲಿ. 2019ರ ಮಾರ್ಚ್ 23ರಂದು, ನಾರ್ವೆಯ ಹುಸ್ತಾದ್‌ವಿಕಾ ಬಳಿ ಬಿರುಗಾಳಿಯಲ್ಲಿ, 1,373 ಜನರಿದ್ದ ಈ ಹಡಗು ಎಂಜಿನ್‌ಗಳು ನಿಂತು ದಡದ ಬಂಡೆಗಳತ್ತ ತೇಲಿತು. ಅಲ್ಲಿದ್ದದ್ದು ಕೂಲಂಟಿನ ಕತೆ ಅಲ್ಲ, ಲೂಬ್ರಿಕೇಟಿಂಗ್ ಆಯಿಲ್‌ನದು. ಆಯಿಲ್ ಮೊದಲೇ ಕಡಿಮೆಯಿತ್ತು. ಹಡಗು ಹೊಯ್ದಾಡಿದಾಗ ಪಂಪ್ ಗಾಳಿ ಎಳೆದು ಒತ್ತಡ ಕುಸಿಯಿತು. ಅಂದ್ರೆ ತುಂಬಿದ ಟ್ಯಾಂಕಿನಲ್ಲಿ ಸುಳ್ಳು ಅಲಾರಂ ಹುಟ್ಟಿಸೋ ತುಳುಕಾಟ, ಅರೆಬರೆ ಟ್ಯಾಂಕಿನಲ್ಲಿ ಎಂಜಿನ್ನನ್ನೇ ನಿಲ್ಲಿಸಬಲ್ಲದು.

ಆದ್ದರಿಂದ ಮೊದಲು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಮಟ್ಟ ನೋಡಿ. ಬಿಸಿ ಇದ್ದಾಗ ಖಂಡಿತ ಬೇಡ, ಕುದಿಯೋ ಕೂಲಂಟ್ ಮುಖಕ್ಕೇ ಚಿಮ್ಮುತ್ತೆ. ರಿಪೇರಿ ಎಲ್ಲ ಮುಗಿದ ಮೇಲೆ ಸ್ವಲ್ಪ ಸ್ವಲ್ಪವೇ ಕೂಲಂಟ್ ಹೊರತೆಗೆದು, ಅಲಾರಂ ನಿಜವಾಗಿಯೂ ಹೊಡೆಯುತ್ತಾ ಅಂತ ಒಮ್ಮೆ ಕಿವಿಯಾರೆ ಕೇಳಿ, ಆಮೇಲೆ ವಾಪಸ್ ತುಂಬಿ.