ಎಳೆ ತಿರುಗುವಲ್ಲಿ ತೋಪಡಕ್ಕೆ ಪರೀಕ್ಷೆ

ಮನೆಗೆ ಬಾಗಿಲು ಮಾಡಲು ಬಡಗಿ ಬಂದರೆಂದರೆ ಮಕ್ಕಳಿಗೆ ಹಬ್ಬ. ತೋಪಡದ ಬಾಯಿಂದ ಹೊರಬರುವ ಮರದ ಸುರುಳಿಗಳನ್ನು ಆಯ್ದುಕೊಳ್ಳಲು ಪೈಪೋಟಿ. ಆದರೆ ಹಲಗೆಯ ನಡುವೆ ಎಲ್ಲೋ ಒಂದು ಕಡೆ 'ಸರ್' ಎನ್ನುತ್ತಿದ್ದ ಸದ್ದು 'ಚರಕ್' ಎಂದು ಬದಲಾಗುತ್ತದೆ. ಬಡಗಿ ತಟ್ಟನೆ ಕೈ ನಿಲ್ಲಿಸಿ ಬೆರಳಿನಿಂದ ಸವರಿ ನೋಡುತ್ತಾರೆ. ನುಣುಪಾಗಿದ್ದ ಮೈಯಲ್ಲಿ ಒರಟು ಕುಳಿಗಳು! ಅಲಗು ಅದೇ, ಕೈ ಅದೇ, ಹಲಗೆಯೂ ಅದೇ. ಹಾಗಾದರೆ ಬದಲಾದದ್ದು ಏನು?

ಬದಲಾದದ್ದು ಮರದ ಎಳೆಗಳ ದಿಕ್ಕು. ಮರವೆಂದರೆ ಒತ್ತೊತ್ತಾಗಿ ಕಟ್ಟಿದ ನಾರುಗಳ ಕಟ್ಟು. ನಾರುಗಳು ಹಲಗೆಯ ಮೈಗೆ ಸಮಾನಾಂತರವಾಗಿರುವುದು ಅಪರೂಪ. ಸಾಮಾನ್ಯವಾಗಿ ಸ್ವಲ್ಪ ಓರೆಯಾಗಿಯೇ ಇರುತ್ತವೆ. ಇದನ್ನು ತಿಳಿಯಲು ಒಂದು ಸುಲಭ ಪ್ರಯೋಗವಿದೆ. ಇನ್ನೂರು ಪುಟದ ನೋಟ್‌ಬುಕ್ಕನ್ನು ಬಗ್ಗಿಸಿ ಹಿಡಿಯಿರಿ. ಹಾಳೆಗಳ ಅಂಚು ಸಣ್ಣ ಮೆಟ್ಟಿಲುಗಳಂತೆ ಓರೆಯಾಗುತ್ತದೆ. ಉಗುರಿನಿಂದ ಒಂದು ದಿಕ್ಕಿಗೆ ಸವರಿದರೆ ನಯವಾಗಿ ಜಾರುತ್ತದೆ. ಎದುರು ದಿಕ್ಕಿಗೆ ಸವರಿದರೆ ಹಾಳೆಗಳು ಉಗುರಿಗೆ ಸಿಕ್ಕಿ ಮೇಲೇಳುತ್ತವೆ.

ಮರದಲ್ಲಿ ಆಗುವುದೂ ಇದೇ. ಎಳೆಗಳು ಅಲಗಿನ ಮುಂದೆ ಮೇಲ್ಮುಖವಾಗಿದ್ದರೆ ಸುರುಳಿ ಸಲೀಸಾಗಿ ಬರುತ್ತದೆ. ಕೆಳಮುಖವಾಗಿದ್ದರೆ ಅಲಗು ಬೆಣೆಯಂತೆ ವರ್ತಿಸುತ್ತದೆ. ಮೇಲೆದ್ದ ಸುರುಳಿಯೇ ಸನ್ನೆಯಾಗಿ, ಸೀಳು ಅಲಗಿಗಿಂತ ಮುಂದೋಡಿ ಮರದ ಒಳಗಿಳಿಯುತ್ತದೆ. ಅಲ್ಲಿ ನಾರು ಮುರಿದು, ಕುಳಿ ಉಳಿಯುತ್ತದೆ.

ಹಾಗಾದರೆ ಹಲಗೆಯನ್ನು ತಿರುಗಿಸಿ ಹೊಡೆದರಾಯಿತಲ್ಲ ಎನ್ನಬಹುದು. ಇಡೀ ಹಲಗೆಯಲ್ಲಿ ಎಳೆ ಒಂದೇ ಕಡೆ ಓರೆಯಾಗಿದ್ದರೆ ಸರಿ. ಗಂಟಿನ ಸುತ್ತ ಎಳೆಗಳು ನೀರಿನ ಸುಳಿಯಂತೆ ತಿರುಗುತ್ತವೆ. ಹೊನ್ನೆ, ಬೀಟೆಯಂಥ ಮರಗಳಲ್ಲಂತೂ ಎಳೆಗಳು ಕೆಲವು ವರ್ಷ ಬಲಕ್ಕೆ ಓರೆಯಾಗಿ, ಮುಂದಿನ ಕೆಲವು ವರ್ಷ ಎಡಕ್ಕೆ ಓರೆಯಾಗಿ ಬೆಳೆಯುವುದುಂಟು. ಬೆಳಕು ಬಿದ್ದಾಗ ಹಲಗೆಯ ಮೇಲೆ ಹೊಳೆಯುವ ಪಟ್ಟೆಗಳಿಗೆ ಕಾರಣ ಇದೇ. ಬಡಗಿಯ ಕಷ್ಟಕ್ಕೂ ಇದೇ ಕಾರಣ! ಒಂದು ಪಟ್ಟೆಗೆ ಅನುಕೂಲವಾದ ದಿಕ್ಕು ಪಕ್ಕದ ಪಟ್ಟೆಗೆ ಪ್ರತಿಕೂಲ.

ನಷ್ಟ ಸಣ್ಣದಲ್ಲ. ಒಂದು ಮಿಲಿಮೀಟರ್ ಆಳದ ಒಂದೇ ಒಂದು ಕುಳಿಯನ್ನು ಅಳಿಸಲು ಇಡೀ ಹಲಗೆಯನ್ನೇ ಅಷ್ಟು ತಗ್ಗಿಸಬೇಕು. ಒಂದು ಸುರುಳಿಯ ದಪ್ಪ 0.05 ಮಿ.ಮೀ. ಎಂದರೆ, ಹಲಗೆಯ ಮೈಯನ್ನೆಲ್ಲ 20 ಸಲ ಹೊಡೆಯಬೇಕು. ಉಪ್ಪುಕಾಗದ ಹಿಡಿದು ಕೂತರೂ ಲೆಕ್ಕ ಅದೇ.

ಅನುಭವಸ್ಥ ಬಡಗಿ ಮೊದಲು ಅಲಗನ್ನು ಸಾಣೆಕಲ್ಲಿಗೆ ಹಿಡಿಯುತ್ತಾರೆ. ನಂತರ ಸುರುಳಿ ಆದಷ್ಟು ತೆಳುವಾಗಿ ಬರುವಂತೆ ಅಲಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬಾಯಿ ಕಿರಿದಾಗಿರುವ ತೋಪಡವನ್ನು ಆರಿಸಿಕೊಳ್ಳುತ್ತಾರೆ. ಅಲಗಿನ ಮುಂದಿನ ಮರವನ್ನು ಅದು ಒತ್ತಿ ಹಿಡಿಯುತ್ತದೆ. ಅಲಗು ಹೆಚ್ಚು ನೆಟ್ಟಗೆ ನಿಂತಷ್ಟೂ ಸೀಳುವುದು ಕಡಿಮೆ. ಸಾಮಾನ್ಯ ಕಬ್ಬಿಣದ ತೋಪಡದಲ್ಲಿ ಅಲಗಿನ ಕೋನ 45 ಡಿಗ್ರಿ. ಹಟಮಾರಿ ಮರಕ್ಕೆ 50, 55 ಡಿಗ್ರಿಯದು ಮೇಲು.

ಎಲ್ಲಕ್ಕಿಂತ ಮುಖ್ಯವಾದ ಉಪಾಯ ಇನ್ನೊಂದಿದೆ. ಅನೇಕ ತೋಪಡಗಳಲ್ಲಿ ಅಲಗಿನ ಬೆನ್ನಿಗೆ ಎರಡನೆಯ ಕಬ್ಬಿಣದ ತಗಡೊಂದನ್ನು ತಿರುಪಿನಿಂದ ಬಿಗಿದಿರುತ್ತಾರೆ. 1812ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪೀಟರ್ ನಿಕೋಲ್ಸನ್ ಅವರ ಪುಸ್ತಕದಲ್ಲೇ, ಎಳೆ ತಿರುಚಿದ ಮರಕ್ಕೆ ಈ ತಗಡನ್ನು ಹೇಗೆ ಹೊಂದಿಸಬೇಕೆಂಬ ವಿವರವಿದೆ. ಆದರೆ ಯಂತ್ರಗಳು ಬಂದ ಮೇಲೆ ಈ ಸೂಕ್ಷ್ಮ ಮರೆಯಾಗುತ್ತ ಬಂತು. ತಗಡು ಇರುವುದು ಅಲಗು ಅದುರದಿರಲಿ ಎಂದಷ್ಟೇ ಎಂದು ಎಷ್ಟೋ ಮಂದಿ ನಂಬಿದರು.

ಈ ಮರೆವನ್ನು ಸರಿಪಡಿಸಿದ್ದು ಜಪಾನಿನ ಒಂದು ಪ್ರಯೋಗ. ಯಮಗಾತ ವಿಶ್ವವಿದ್ಯಾಲಯದ ಕವಾಯ್ ಮತ್ತು ಕಾಟೊ ಎಂಬ ಪ್ರಾಧ್ಯಾಪಕರು ಅಲಗು ಮರವನ್ನು ಕೊಯ್ಯುವ ಕ್ಷಣವನ್ನೇ ಬಹಳ ಹಿಗ್ಗಿಸಿ ಚಿತ್ರೀಕರಿಸಿದ್ದರು. 2012ರಲ್ಲಿ ಆ ಚಿತ್ರ ಬೇರೆ ದೇಶಗಳ ಮರಗೆಲಸದವರ ಕಣ್ಣಿಗೆ ಬಿತ್ತು. ತಗಡು ದೂರದಲ್ಲಿದ್ದಾಗ ಸೀಳು ಮುಂದೋಡುತ್ತದೆ. ಅಂಚಿನಿಂದ ಸುಮಾರು 0.1 ಮಿ.ಮೀ.ಗೆ ತಂದಾಗ, ಸುರುಳಿ ಏಳುತ್ತಿದ್ದಂತೆಯೇ ತಗಡಿಗೆ ತಗುಲಿ ಬಾಗುತ್ತದೆ. ಸನ್ನೆಯಾಗುವಷ್ಟು ಉದ್ದ ಅದಕ್ಕೆ ಸಿಗುವುದೇ ಇಲ್ಲ. ಸನ್ನೆ ಇಲ್ಲದಿದ್ದರೆ ಸೀಳೂ ಇಲ್ಲ. ಆದರೆ ತಗಡು ತೀರ ಹತ್ತಿರವಾದರೆ ಸುರುಳಿ ಮುದುಡಿಕೊಂಡು, ತೋಪಡ ತಳ್ಳುವುದೇ ಕಷ್ಟವಾಗುತ್ತದೆ.

0.1 ಮಿ.ಮೀ. ಎಂದರೆ ಒಂದು ದಪ್ಪ ಕೂದಲಿನಷ್ಟು ಅಂತರ. ಅದನ್ನು ಅಳತೆಪಟ್ಟಿಯಿಂದ ಅಳೆಯಲಾಗದು. ಬಡಗಿ ಅಲಗನ್ನು ಬೆಳಕಿಗೆ ಹಿಡಿದು, ತಗಡಿನಾಚೆ ಮಿನುಗುವ ತೆಳು ಗೆರೆಯನ್ನು ಕಣ್ಣಳತೆಯಿಂದಲೇ ನೋಡಿ ತಿರುಪು ಬಿಗಿಯುತ್ತಾರೆ. ಸನ್ನೆ, ಬೆಣೆಗಳ ಪಾಠ ಓದಿದ ವಿದ್ಯಾರ್ಥಿಗಳು ಮುಂದಿನ ಸಲ ಬಡಗಿ ಮನೆಗೆ ಬಂದಾಗ ಸುರುಳಿ ಆಯ್ದುಕೊಳ್ಳುವುದರ ಜೊತೆಗೆ ಆ ಗೆರೆಯನ್ನೂ ತೋರಿಸಿರೆಂದು ಕೇಳಲಿ. ಪಾಠದಲ್ಲಿ ಓದಿದ ಸನ್ನೆಗೆ ಅಲ್ಲೊಂದು ತಡೆ ಹಾಕಿರುವುದು ಕಾಣುತ್ತದೆ.